ತೆರೆದ ಕಾರಿಗೆ ಮೊದಲು ರೋಲ್ ಬಾರ್, ಆಮೇಲೆ ಉಳಿದದ್ದು

ವಾಹನ ವಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಮಜ್ದಾ ಎಂಎಕ್ಸ್-5 ಮಿಯಾಟಾ ಎಂಬ ಎರಡು ಸೀಟಿನ ತೆರೆದ ಕಾರನ್ನು ರೇಸ್ ಟ್ರ್ಯಾಕಿಗೆ ಸಿದ್ಧಪಡಿಸುವ ಬಗ್ಗೆಯೇ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಬಳಿ 1999ರ ಮಿಯಾಟಾ ಇದೆ. ಎಂಜಿನ್ ಚೆನ್ನಾಗಿದೆ, ಬೇರೆ ಯಾವ ಬದಲಾವಣೆಯನ್ನೂ ಮಾಡಿಸಿಲ್ಲ. ಬೇಸಿಗೆಯಲ್ಲಿ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ನಡೆಯುವ ಚಾಲನಾ ತರಬೇತಿಗೆ ಹೆಸರು ಕೊಡಬೇಕೆಂದಿದ್ದೇನೆ. ಇರುವ ಹಣದಲ್ಲಿ ಸೈಲೆನ್ಸರ್ ಮತ್ತು ಏರ್ ಇನ್‌ಟೇಕ್ ಬದಲಿಸಿ ಪವರ್ ಹೆಚ್ಚಿಸಿಕೊಳ್ಳಲೇ, ಅಥವಾ ಸಸ್ಪೆನ್ಷನ್ ಬದಲಿಸಲೇ?
– ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಕಾರಿನ 1.8 ಲೀಟರ್ ಎಂಜಿನ್ 140 ಅಶ್ವಶಕ್ತಿಯದು, ಕಾರಿನ ತೂಕ ಸುಮಾರು 1,040 ಕಿಲೋ, ಎಳೆತ ಹಿಂದಿನ ಚಕ್ರಗಳದ್ದು, ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲ ಮಿಯಾಟಾ ಕಾಣಿಸಿಕೊಂಡಾಗಿನಿಂದಲೂ ಈ ಕಾರಿನ ಬಲವಿರುವುದು ಹಗುರತನದಲ್ಲಿ. ಹೊಸದಾಗಿ ಕಲಿಯುವವರಿಗೆ ಇಷ್ಟು ಪವರ್ ಧಾರಾಳವಾಗಿ ಸಾಕು. ಸೈಲೆನ್ಸರ್ ವಿಷಯದಲ್ಲಿ ಇನ್ನೊಂದು ಅಡಚಣೆಯೂ ಇದೆ: ಲಗುನಾ ಸೆಕಾದಲ್ಲಿ ಹಲವು ದಿನ ಶಬ್ದದ ಮಿತಿ 90 ಡೆಸಿಬಲ್. ಟ್ರ್ಯಾಕಿನ ಬದಿಯಲ್ಲಿ ಶಬ್ದವನ್ನು ಅಳೆಯುತ್ತಾರೆ. ಮಿತಿ ಮೀರುತ್ತಲೇ ಇದ್ದರೆ ಶುಲ್ಕ ಕಟ್ಟಿದ ದಿನವೇ ಕೈತಪ್ಪಿ ಹೋಗಬಹುದು.

ಮೊದಲ ಖರ್ಚು ರೋಲ್ ಬಾರ್‌ಗೆ, ಅಂದರೆ ಕಾರು ಮಗುಚಿದಾಗ ತಲೆ ಕಾಯಲು ಸೀಟಿನ ಹಿಂದೆ ಕೂರಿಸುವ ಗಟ್ಟಿ ಕೊಳವೆಯ ಕಮಾನಿಗೆ ಆಗಬೇಕು. ಮುಚ್ಚಿದ ಕಾರಿಗೆ ಉಕ್ಕಿನ ಛಾವಣಿ ಇರುತ್ತದೆ. ನಿಮ್ಮ ಕಾರಿನಲ್ಲಿ ತಲೆಯ ಮೇಲಿರುವುದು ಬಟ್ಟೆ, ಮುಂದಿರುವುದು ತೆಳುವಾದ ವಿಂಡ್‌ಶೀಲ್ಡ್ ಚೌಕಟ್ಟು. ಕಾರು ಮಗುಚಿದರೆ ಆ ಚೌಕಟ್ಟೊಂದನ್ನೇ ನಂಬಿಕೊಂಡು ಕೂರುವಂತಿಲ್ಲ. ಮೇಲೆ ಕೂರಿಸುವ ಹಾರ್ಡ್‌ಟಾಪ್ ಕೂಡ ರೋಲ್ ಬಾರ್‌ನ ಕೆಲಸ ಮಾಡುವುದಿಲ್ಲ. ಸೀಟಿನ ಹಿಂದೆ ಅಂದಕ್ಕೆಂದು ಜೋಡಿಸುವ ಹೊಳೆಯುವ ಕಮಾನುಗಳನ್ನು ಯಾವ ಜವಾಬ್ದಾರಿಯುತ ಸಂಘಟಕರೂ ಒಪ್ಪುವುದಿಲ್ಲ. ಕಾರಿನ ಮೈಗೆ ದಪ್ಪ ಪ್ಲೇಟುಗಳೊಂದಿಗೆ ಬೋಲ್ಟ್ ಆಗುವ, ಹಿಂದಕ್ಕೆ ಆಧಾರದ ಕೊಳವೆಗಳಿರುವ, ಸಾಧ್ಯವಾದರೆ ನಡುವೆ ಓರೆಯಾದ ಅಡ್ಡಕೊಳವೆಯೂ ಇರುವ ಬಾರ್ ಆರಿಸಿಕೊಳ್ಳಿ. ಕೊಳ್ಳುವ ಮುನ್ನ ನಿಮ್ಮ ಸಂಘಟಕರ ನಿಯಮಾವಳಿಯನ್ನು ತರಿಸಿ ಓದಿ.

ಬಾರ್ ಕೂರಿಸಿದ ಮೇಲೆ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಓಡಿಸುವಾಗ ಕೂರುವಂತೆಯೇ ಕುಳಿತುಕೊಳ್ಳಿ. ಇನ್ನೊಬ್ಬರು ಬಾರ್‌ನ ತುದಿಯಿಂದ ವಿಂಡ್‌ಶೀಲ್ಡ್ ಚೌಕಟ್ಟಿನ ತುದಿಗೆ ನೇರವಾದ ಮರದ ಪಟ್ಟಿಯೊಂದನ್ನು ಹಿಡಿಯಲಿ. ಹೆಲ್ಮೆಟ್ ಆ ಪಟ್ಟಿಗಿಂತ ಕೆಳಗಿರಲೇಬೇಕು. ಹಲವು ಸಂಘಟಕರು 2 ಇಂಚು ಅಂತರ ಕೇಳುತ್ತಾರೆ. ಎತ್ತರದವರಿಗೆ ಈ ಕಾರಿನಲ್ಲಿ ತೊಡಕಾಗುವುದೇ ಇಲ್ಲಿ. ಸೀಟಿನ ಒಳಗಿನ ಫೋಮ್ ಸ್ವಲ್ಪ ತೆಗೆಸಿದರೆ, ಇಲ್ಲವೇ ತಗ್ಗಾದ ಸೀಟು ಹಾಕಿಸಿದರೆ ಕೆಲವರಿಗೆ ಸರಿಹೋಗುತ್ತದೆ. ಅದರಿಂದಲೂ ಅಂತರ ಸಿಗದಿದ್ದರೆ ಆ ಕಾರಿನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ. ತಲೆ ತಗಲುವ ಜಾಗದಲ್ಲಿ ಬಾರ್‌ಗೆ ಗಟ್ಟಿಯಾದ, ರೇಸಿಂಗ್‌ಗೆಂದೇ ಪ್ರಮಾಣೀಕರಿಸಿದ ಪ್ಯಾಡಿಂಗ್ ಸುತ್ತಿಸಿ. ಅದೇ ಕಾರಿನಲ್ಲಿ ನೀವು ದಿನವೂ ಹೆಲ್ಮೆಟ್ ಇಲ್ಲದೆ ಕೆಲಸಕ್ಕೆ ಹೋಗುವವರಾಗಿರುತ್ತೀರಿ; ಬರಿ ಕೊಳವೆಗೆ ತಲೆ ಬಡಿದರೆ ರಕ್ಷಣೆಗೆಂದು ಹಾಕಿಸಿದ್ದೇ ಗಾಯ ಮಾಡುತ್ತದೆ.

ಎರಡನೆಯದು ಬ್ರೇಕ್. ಊರೊಳಗೆ ಬ್ರೇಕ್ ಆರಲು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ 20 ನಿಮಿಷದ ಒಂದು ಸರದಿಯಲ್ಲಿ ಪ್ರತಿ ಸುತ್ತಿಗೂ ಅದೇ ತಿರುವುಗಳಲ್ಲಿ ಬಲವಾಗಿ ಒತ್ತುತ್ತಿರುತ್ತೀರಿ. ಲಗುನಾ ಸೆಕಾದ ಒಂದು ಸುತ್ತು ಸುಮಾರು 3.6 ಕಿಲೋಮೀಟರ್, 11 ತಿರುವುಗಳು. ನೇರ ಹಾದಿ ಮುಗಿಸಿ ಎರಡನೆಯ ತಿರುವಿಗೆ ಇಳಿಯುವಾಗಲೂ, ಗುಡ್ಡ ಹತ್ತಿ ಕಾರ್ಕ್‌ಸ್ಕ್ರೂ ತಿರುವಿನ ಅಂಚಿಗೆ ಬಂದಾಗಲೂ ಬ್ರೇಕ್ ಕೈಕೊಡಬಾರದು. ಕಾರ್ಕ್‌ಸ್ಕ್ರೂನಲ್ಲಿ ರಸ್ತೆ ಸುಮಾರು 18 ಮೀಟರ್ ಕೆಳಕ್ಕೆ ಕುಸಿಯುತ್ತದೆ, ಮುಂದಿನ ದಾರಿ ಅಂಚು ದಾಟುವವರೆಗೆ ಕಾಣುವುದೂ ಇಲ್ಲ.

ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ, ಕಾಲಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲಲು ಒಲ್ಲೆನೆಂದರೆ ಪ್ಯಾಡ್ ತನ್ನ ಶಾಖದ ಮಿತಿ ದಾಟಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಾ ಹೋದರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಆವಿ ಅದುಮಿಕೊಳ್ಳುವುದರಿಂದ ಕಾಲಿನ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದರೆ, ತೇವ ಹೀರಿದ್ದಕ್ಕೆ ಆ ದರ್ಜೆ ಕೇಳುವುದು ಕನಿಷ್ಠ 155 ಡಿಗ್ರಿ ಮಾತ್ರ. ರೇಸಿಂಗ್‌ಗೆಂದು ತಯಾರಾಗುವ ಡಾಟ್ 4 ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿ ದಾಟುತ್ತವೆ. ಆದ್ದರಿಂದ ಹಳೆಯ ಆಯಿಲನ್ನು ನಾಲ್ಕೂ ಚಕ್ರಗಳಿಂದ ಪೂರ್ತಿ ಹೊರಹಾಕಿಸಿ ಹೊಸದನ್ನು ತುಂಬಿಸಿ. ಟ್ರ್ಯಾಕಿಗೆ ತಕ್ಕ ಪ್ಯಾಡ್ ಹಾಕಿಸಿ, ತಯಾರಕರು ಹೇಳಿದ ಕ್ರಮದಲ್ಲೇ ಅದನ್ನು ಪಳಗಿಸಿ. ಇಷ್ಟು ಹಗುರವಾದ ಕಾರಿಗೆ ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್‌ಗಳ ದುಬಾರಿ ಕಿಟ್ ಕಲಿಯುವ ಹಂತದಲ್ಲಿ ಬೇಕಿಲ್ಲ.

ಸಸ್ಪೆನ್ಷನ್ ಇನ್ನೂ ಸುಸ್ಥಿತಿಯಲ್ಲಿದ್ದರೆ ಹಾಗೆಯೇ ಇರಲಿ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ, ಬುಷ್ ಒಡೆದಿದ್ದರೆ ಮಾತ್ರ ಬದಲಿಸಿ. ಮುಂದಿನ ಚಕ್ರಗಳಿಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಹೆಚ್ಚಿಸುವ ಅಲೈನ್‌ಮೆಂಟ್ ಮಾಡಿಸಿದರೆ ಟೈರಿನ ಹೊರ ಅಂಚು ಬೇಗ ಸವೆಯುವುದು ತಪ್ಪುತ್ತದೆ, ತಿರುವಿನಲ್ಲಿ ಹಿಡಿತವೂ ಹೆಚ್ಚುತ್ತದೆ. ಈ ಕಾರಿನಲ್ಲಿ ಅದಕ್ಕೆ ಬೇಕಾದ ಹೊಂದಾಣಿಕೆಯ ಬೋಲ್ಟ್‌ಗಳು ಕಾರ್ಖಾನೆಯಿಂದಲೇ ಇವೆ.

ಪ್ರಶ್ನೆ: ರೋಲ್ ಬಾರ್ ಹಾಕಿಸಿದ್ದೇನೆ. ಚಾಲಕನ ಸೀಟಿಗೆ ಮಾತ್ರ ಆರು ಪಟ್ಟಿಯ ರೇಸಿಂಗ್ ಬೆಲ್ಟ್ ಹಾಕಿಸಿದರೆ ಸಾಕೇ?
– ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಸಾಲದು. ಕಲಿಯುವವರ ಪಕ್ಕದಲ್ಲಿ ತರಬೇತುದಾರರು ಕೂರುತ್ತಾರೆ. ಇಬ್ಬರಿಗೂ ಒಂದೇ ಬಗೆಯ ಬೆಲ್ಟ್ ಇರಬೇಕೆಂಬ ನಿಯಮ ಬಹಳ ಕಡೆ ಇದೆ, ಅದು ನ್ಯಾಯವಾದ ನಿಯಮ. ಅಲ್ಲದೆ ರೇಸಿಂಗ್ ಬೆಲ್ಟ್ ಒಂಟಿ ವಸ್ತುವಲ್ಲ. ಅದಕ್ಕೆ ತಕ್ಕ ಕಂಡಿಗಳಿರುವ ಸೀಟು, ಹೆಗಲ ಪಟ್ಟಿಗಳನ್ನು ಸರಿಯಾದ ಎತ್ತರದಲ್ಲಿ ಬಿಗಿಯಲು ಬಾರ್‌ನಲ್ಲಿ ಅಡ್ಡಕೊಳವೆ, ಕತ್ತನ್ನು ಕಾಯುವ ಸಾಧನ ಎಲ್ಲವೂ ಒಟ್ಟಿಗೆ ಬರಬೇಕು. ಹೆಗಲನ್ನು ಬಿಗಿಯಾಗಿ ಕಟ್ಟಿ ತಲೆಯನ್ನು ಮಾತ್ರ ಮುಂದಕ್ಕೆ ಚಿಮ್ಮಲು ಬಿಟ್ಟರೆ ಹೊಡೆತ ಪೂರ್ತಿಯಾಗಿ ಕತ್ತಿಗೆ ಬೀಳುತ್ತದೆ. ಇಷ್ಟೆಲ್ಲ ಈಗ ಆಗದಿದ್ದರೆ ಕಾರಿನದೇ ಮೂರು ಹಿಡಿತದ ಬೆಲ್ಟ್ ಇರಲಿ, ಆದರೆ ಅದು ಹರಿದಿರದೆ, ಸಡಿಲವಾಗದೆ ಇರಬೇಕು.

ಪ್ರಶ್ನೆ: ನನ್ನದು 1997ರ ಮಿಯಾಟಾ. ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ಬೇಸಿಗೆಯ ಮಧ್ಯಾಹ್ನ ಎಂಜಿನ್ ತಂಪಾಗಿಸುವ ಕೂಲೆಂಟ್ ಉಕ್ಕಿ ಹೊರಬಂತು. ಟೆಂಪರೇಚರ್ ಮುಳ್ಳು ಸ್ವಲ್ಪ ಮುಂಚಿನವರೆಗೂ ನಡುವಿನಲ್ಲೇ ಇತ್ತು. ಮುಳ್ಳು ಕೆಟ್ಟಿದೆಯೇ?
– ಓದುಗರು, ಸ್ಯಾಕ್ರಮೆಂಟೊ

ಉತ್ತರ: ಮುಳ್ಳು ಕೆಟ್ಟಿರಲಿಕ್ಕಿಲ್ಲ. ಉಷ್ಣತೆ ಸಾಕಷ್ಟು ಏರಿಳಿದರೂ ನಡುವಿನಲ್ಲೇ ನಿಲ್ಲುವಂತೆ ಅದನ್ನು ಮಾಡಿದ್ದಾರೆ. ಅದು ಮೇಲೇಳುವ ಹೊತ್ತಿಗೆ ಎಂಜಿನ್ ಅಪಾಯದಲ್ಲಿರುತ್ತದೆ. ನಿಮ್ಮ ಕಾರಿನ ಆಯಿಲ್ ಪ್ರೆಶರ್ ಮುಳ್ಳೂ ಅಷ್ಟೇ: 1995ರಿಂದೀಚೆಗೆ ಅದು ಒತ್ತಡ ಇದೆಯೋ ಇಲ್ಲವೋ ಎಂದಷ್ಟೇ ತೋರಿಸುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. 1996ರಿಂದ ಅಮೆರಿಕದ ಕಾರುಗಳಿಗೆ ಎಂಜಿನ್ನಿನ ಮಾಹಿತಿ ಓದುವ ಓಬಿಡಿ-2 ಕಿಂಡಿ ಇರುವುದರಿಂದ, ಅದಕ್ಕೆ ಸಿಕ್ಕಿಸುವ ಸಣ್ಣ ಸಾಧನದಿಂದ ಕೂಲೆಂಟಿನ ನಿಜವಾದ ಉಷ್ಣತೆಯನ್ನು ಡಿಗ್ರಿಯಲ್ಲೇ ಓದಬಹುದು. 105 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ವೇಗ ಇಳಿಸಿ ಒಂದು ಸುತ್ತು ಸಾವಕಾಶವಾಗಿ ಬನ್ನಿ; ಆಗಲೂ ಇಳಿಯದಿದ್ದರೆ ಟ್ರ್ಯಾಕ್ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಹಿಂದಿರುಗಿ.

ಮೂಲ ಕಾರಣ ಈ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಇದು ಮುಂಚಕ್ರ ಎಳೆತದ ಮಜ್ದಾ 323 ಕಾರಿನಲ್ಲಿ ಅಡ್ಡಲಾಗಿ ಕೂರುತ್ತಿದ್ದ ಎಂಜಿನ್ ಬಳಗದ್ದು. ಮಿಯಾಟಾಕ್ಕಾಗಿ ಉದ್ದುದ್ದ ಕೂರಿಸಿದಾಗ ಕೂಲೆಂಟ್ ಹೊರಹೋಗುವ ದಾರಿಯನ್ನೂ ಮುಂದಕ್ಕೆ ತಂದರು. ನೀರು ಒಳಗೆ ಬರುವುದೂ ಮುಂದೆ, ಹೊರಗೆ ಹೋಗುವುದೂ ಮುಂದೆ ಆದ್ದರಿಂದ ಹಿಂಬದಿಯ ನಾಲ್ಕನೆಯ ಸಿಲಿಂಡರ್ ಸುತ್ತ ಹರಿವು ಕಡಿಮೆ. ಹೊರದಾರಿಯನ್ನು ಹಿಂದಕ್ಕೆ ಬದಲಿಸುವ ಕಿಟ್‌ಗಳು ಸಿಗುತ್ತವೆ. ಟರ್ಬೊ ಹಾಕಿಸಿದವರಿಗೆ, ರೇಸ್ ಓಡಿಸುವವರಿಗೆ ಅದು ಬೇಕಾಗುತ್ತದೆ. ನೀವು ಅದಕ್ಕೆ ಕೈಹಾಕುವ ಮುನ್ನ ಮೂರು ಕಡೆ ನೋಡಿ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯುಸ್ಸು ಮುಗಿಯಿತು, ಬದಲಿಸಿ. ಮೂತಿಯ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಇದೆಯೇ ನೋಡಿ: ಆಯಿಲ್ ಬದಲಿಸುವಾಗ ತೆಗೆದು ಮರಳಿ ಹಾಕದೆ ಬಿಡುವವರು ಬಹಳ, ಆದರೆ ಗಾಳಿಯನ್ನು ರೇಡಿಯೇಟರಿನತ್ತ ತಿರುಗಿಸುವುದೇ ಅದು. ರೇಡಿಯೇಟರಿನ ಅಕ್ಕಪಕ್ಕದ ಸಂದುಗಳನ್ನು ಫೋಮ್‌ನಿಂದ ಮುಚ್ಚಿದರೆ ಬಂದ ಗಾಳಿ ಸುತ್ತುಬಳಸಿ ಹೋಗದೆ ಅದರ ಮೂಲಕವೇ ಹಾಯುತ್ತದೆ. ಕ್ಯಾಪ್ ಹೊಸದಿರಲಿ. ಎಂಜಿನ್ ಬಿಸಿಯಿರುವಾಗ ಅದನ್ನು ಎಂದಿಗೂ ತೆರೆಯಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮ ಇಂಥ ಕಾರಿನಲ್ಲಿ ಟ್ರ್ಯಾಕಿಗೆ ಹೋಗುತ್ತಾನೆ. ನಮ್ಮ ಮನೆಯಲ್ಲಿ ಹೊಸ ಬೈಕ್ ಹೆಲ್ಮೆಟ್ ಇದೆ, ಒಳ್ಳೆಯ ಕಂಪನಿಯದು. ಕಳಿಸಿಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಕಾರ್ ಟ್ರ್ಯಾಕ್‌ಗಳಲ್ಲಿ ಕೇಳುವುದು ಹೆಲ್ಮೆಟ್‌ಗಳಿಗೆ ಮಾನದಂಡ ಗೊತ್ತುಪಡಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ದರ್ಜೆಯ ಹೆಲ್ಮೆಟ್. ಬೆಂಕಿಗೆ ತಡೆ, ರೋಲ್ ಬಾರ್‌ಗೆ ಮತ್ತೆ ಮತ್ತೆ ಬಡಿದಾಗಿನ ತಾಳಿಕೆ ಎರಡನ್ನೂ ಆ ದರ್ಜೆಯಲ್ಲಿ ಪರೀಕ್ಷಿಸುತ್ತಾರೆ. ಬೈಕಿನ ಹೆಲ್ಮೆಟ್‌ಗೆ ಆ ಪರೀಕ್ಷೆಗಳಿಲ್ಲ. ದರ್ಜೆಯ ವರ್ಷವನ್ನೂ ಸಂಘಟಕರು ನೋಡುತ್ತಾರೆ, ಆದ್ದರಿಂದ ಅಲ್ಲಿಯೇ ಅಳತೆ ಕೊಟ್ಟು ಹೊಸದನ್ನು ಕೊಳ್ಳಲು ಹೇಳಿ.

ಪ್ರಶ್ನೆ: ಟ್ರ್ಯಾಕಿನ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರಿನಲ್ಲಿ ಏನೇನು ನೋಡಿಕೊಳ್ಳಬೇಕು?
– ಓದುಗರು, ಪೋರ್ಟ್‌ಲ್ಯಾಂಡ್

ಉತ್ತರ: ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜ್ಯಾಕ್, ಕಾಲಡಿಯ ಮ್ಯಾಟ್, ಸಡಿಲವಾದ ಪ್ರತಿಯೊಂದನ್ನೂ ಹೊರತೆಗೆಯಿರಿ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲೇ ಇರುತ್ತದೆ. ಅದು ಅಲುಗದಂತೆ ಬಿಗಿದಿರಬೇಕು. ಚಕ್ರದ ನಟ್‌ಗಳನ್ನು ಪ್ರತಿ ಸರದಿಗೂ ಮುನ್ನ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ. ಕಾರ್ಖಾನೆಯ ಮಿತಿ 88ರಿಂದ 118 ನ್ಯೂಟನ್ ಮೀಟರ್. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ, ಮುಂದಿನ ಹಬ್ ಬೇರಿಂಗ್ ಸವೆದಿದ್ದರೆ ಕೈಗೆ ತಿಳಿಯುತ್ತದೆ.

ಟೈರಿನ ಗಾಳಿ ಬಿಸಿಗೆ ಐದಾರು ಪಿಎಸ್‌ಐ ಏರುವುದು ಸಾಮಾನ್ಯ. ಆದ್ದರಿಂದ ಟ್ರ್ಯಾಕಿನಿಂದ ಹೊರಬಂದ ತಕ್ಷಣ ಅಳೆದು, 32ರಿಂದ 34ರ ನಡುವೆ ನಿಲ್ಲುವಂತೆ ಗಾಳಿ ಬಿಡಿ. ಸಂಜೆ ಮನೆಗೆ ಹೊರಡುವ ಮುನ್ನ ಮರೆಯದೆ ಮತ್ತೆ ತುಂಬಿಸಿ. ಮೊದಲ ಬಾರಿಗೆ ಒಳ್ಳೆಯ ಸಾಮಾನ್ಯ ಟೈರ್‌ಗಳೇ ಮೇಲು, ಏಕೆಂದರೆ ಅವು ಹಿಡಿತ ಬಿಡುವ ಮುನ್ನ ಕಿರುಚಿ ಎಚ್ಚರಿಸುತ್ತವೆ. ನಿಮ್ಮ ವಿಮೆ ಟ್ರ್ಯಾಕಿನಲ್ಲಿ ಆದ ನಷ್ಟವನ್ನು ಒಳಗೊಳ್ಳುತ್ತದೆಯೇ ಎಂಬುದನ್ನು ಹಿಂದಿನ ವಾರವೇ ಲಿಖಿತವಾಗಿ ಕೇಳಿಕೊಳ್ಳಿ. ಬಹಳಷ್ಟು ಪಾಲಿಸಿಗಳು ಒಳಗೊಳ್ಳುವುದಿಲ್ಲ.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಅಂಟಿದಂತೆ ನಿಂತರೆ ಅಲ್ಲಿ ಕಲೆ ಕೂತು ಮುಂದೆ ಪೆಡಲ್ ನಡುಗುತ್ತದೆ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಕಟ್ಟೆ ಕೊಡಿ.