ಕಂಪ್ಯೂಟರೇ ಅಳೆಯುವಾಗ ಬ್ಲೈಂಡಿಂಗ್ ಯಾಕೆ?

ಪ್ರಶ್ನೆ: ಮಂಗಳೂರಿನಲ್ಲಿ ಎಂ.ಫಾರ್ಮಾ ಓದುತ್ತಿದ್ದೇನೆ. ಒಂದೆಲಗದ ಸಾರದಿಂದ ಇಲಿಗಳ ಆತಂಕ ಕಡಿಮೆಯಾಗುತ್ತದಾ ಅಂತ ಎಲಿವೇಟೆಡ್ ಪ್ಲಸ್ ಮೇಜ್‌ನಲ್ಲಿ (ನೆಲದಿಂದ ಎತ್ತರದಲ್ಲಿರುವ ಪ್ಲಸ್ ಆಕಾರದ ಓಡುದಾರಿ; ಎರಡು ತೋಳಿಗೆ ಗೋಡೆ, ಎರಡು ತೆರೆದದ್ದು; ಆತಂಕ ಕಡಿಮೆಯಾದರೆ ಇಲಿ ತೆರೆದ ತೋಳಲ್ಲಿ ಹೆಚ್ಚು ಹೊತ್ತು ಇರುತ್ತದೆ) ನೋಡಬೇಕು. ಅಳೆಯುವುದು ವಿಡಿಯೊ ಟ್ರ್ಯಾಕಿಂಗ್ ಸಾಫ್ಟ್‌ವೇರ್. ಆದರೂ ಗೈಡ್ ಬ್ಲೈಂಡ್ ಆಗಿ, ಅಂದರೆ ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿಲ್ಲದ ಹಾಗೆ, ಮಾಡಿ ಅನ್ನುತ್ತಾರೆ. ಗುಂಪುಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಎ ಅಂದರೆ ಯಾವುದು ಅಂತ ನಿಮಗೇ ಗೊತ್ತಿದ್ದರೆ ಅದೆಂಥ ಬ್ಲೈಂಡ್?

ಕಂಪ್ಯೂಟರ್ ಪಕ್ಷಪಾತ ಮಾಡಲ್ಲ, ನಿಜ. ಆದರೆ ತೆರೆದ ತೋಳಿನ ಗೆರೆ ಎಲ್ಲಿ ಎಳೆಯಬೇಕು, ಕೆಳಗೆ ಬಿದ್ದ ಇಲಿಯ ಟ್ರಯಲ್ ಬಿಡಬೇಕಾ ಇಟ್ಟುಕೊಳ್ಳಬೇಕಾ, ಇವೆಲ್ಲ ನಿಮ್ಮದೇ ತೀರ್ಮಾನ. ಇಲಿಯನ್ನು ಎತ್ತಿ ಮೇಜ್ ಮಧ್ಯೆ ಬಿಡುವ ಕೈಯೂ ನಿಮ್ಮದೇ. 1963ರಲ್ಲಿ ಮನೋವಿಜ್ಞಾನಿಗಳಾದ ರೋಸೆಂತಾಲ್ ಮತ್ತು ಫೋಡ್ ಸಾಮಾನ್ಯ ಇಲಿಗಳನ್ನೇ ಕೆಲವು ವಿದ್ಯಾರ್ಥಿಗಳಿಗೆ ‘ಚುರುಕು ತಳಿ’ ಅಂತಲೂ ಉಳಿದವರಿಗೆ ‘ದಡ್ಡ ತಳಿ’ ಅಂತಲೂ ಹೇಳಿ ಕೊಟ್ಟರು. ‘ಚುರುಕು’ ಇಲಿಗಳು ನಿಜವಾಗಿಯೂ ಚೆನ್ನಾಗಿ ಓಡಿದವು!

ಹಾಗಾಗಿ ಗುಂಪಿಗೊಂದು ಕೋಡ್ ಬೇಡ, ಪ್ರತಿ ಇಲಿಗೂ ಬೇರೆ ಬೇರೆ ಕೋಡ್ ಇರಲಿ. ಕಾರಣ ಇದೆ: ಹೋಲಿಕೆಗೆ ಡಯಾಜೆಪಾಮ್ (ಆತಂಕ ಇಳಿಸುವ ಔಷಧ) ಕೊಟ್ಟ ಇಲಿ ತೂರಾಡಿದರೆ ಅದು ಯಾವ ಗುಂಪಿನದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೋಡ್ ‘ಸಿ’ ಅಂತಿದ್ದರೆ ಆ ಒಂದು ಇಲಿಯಿಂದ ಇಡೀ ಗುಂಪಿನ ಗುಟ್ಟು ರಟ್ಟು. ಕೋಡ್‌ಗಳ ಪಟ್ಟಿಯನ್ನು ಈ ಪ್ರಯೋಗಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರು ಮಾಡಿ, ಅವರೇ ಇಟ್ಟುಕೊಳ್ಳಲಿ. ಸಾಫ್ಟ್‌ವೇರ್‌ನಲ್ಲಿ ಗುಂಪಿನ ಹೆಸರು ಮುಚ್ಚಿಡುವ ಸೌಲಭ್ಯ ಇದ್ದರೆ ಅದನ್ನೂ ಅವರೇ ಹೊಂದಿಸಲಿ. ಪರೀಕ್ಷೆಯ ಸರದಿಯೂ ಕಲಸಿರಲಿ, ಬೆಳಿಗ್ಗೆಯೆಲ್ಲ ಕಂಟ್ರೋಲ್ (ಔಷಧ ಕೊಡದ ಗುಂಪು), ಮಧ್ಯಾಹ್ನವೆಲ್ಲ ಔಷಧ ಅಂತ ಆಗಬಾರದು.

ಜಾಸ್ತಿ ಎಡವುವುದು ಸಿರಿಂಜ್ ಹತ್ತಿರ. ಒಂದೆಲಗದ ಸಾರಕ್ಕೆ ಗಾಢ ಬಣ್ಣ (ನಮ್ಮ ತಿಮರೆ ಚಟ್ನಿಯ ಹಸಿರು ನೋಡಿದವರಿಗೆ ಹೇಳಬೇಕಾ?), ಕಂಟ್ರೋಲ್ ದ್ರಾವಣ ತಿಳಿನೀರಿನ ಹಾಗೆ. ಡೋಸ್ ಕೊಡುವಾಗ ಕಣ್ಣಿಗೆ ಬಿದ್ದರೆ ಮುಗೀತು. ಸಿರಿಂಜ್‌ಗೆ ಅಪಾರದರ್ಶಕ ಟೇಪ್ ಸುತ್ತಿ, ಅಥವಾ ಡೋಸ್ ಕೆಲಸವನ್ನೇ ಲ್ಯಾಬ್‌ನ ಬೇರೆಯವರಿಗೆ ವಹಿಸಿ. ಆಗ ನೀವು ಪರೀಕ್ಷೆ ಮಾತ್ರ ಮಾಡಿದರಾಯಿತು.

ಇಲಿ ತಲೆ ಬಗ್ಗಿಸಿ ಕೆಳಗೆ ಇಣುಕುವುದನ್ನು ಬೋರಿಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಕೀ ಒತ್ತಿ ಎಣಿಸುವುದಾದರೆ ಮೊದಲು ವಿಡಿಯೊ ಫೈಲ್‌ಗಳ ಹೆಸರು ಬದಲಾಯಿಸಿ. ‘ಒಂದೆಲಗ_200’ ಅಂತ ಪರದೆ ಮೇಲೆ ಕಾಣುತ್ತಿದ್ದರೆ ಮನಸ್ಸು ಸುಮ್ನೆ ಇರಲ್ಲ.

ಯಾವ ಟ್ರಯಲ್ ಬಿಡುವುದು ಅಂತ ಬರೆದಿಟ್ಟು, ವಿಶ್ಲೇಷಣೆ ಮುಗಿಸಿ, ಆಮೇಲೆ ಪಟ್ಟಿ ಕೇಳಿ. ಪ್ರಾಣಿ ಪ್ರಯೋಗಗಳ ವರದಿ ಹೇಗಿರಬೇಕು ಅಂತ ಹೇಳುವ 2020ರ ಅರೈವ್ ಮಾರ್ಗಸೂಚಿ ಪ್ರಕಾರ ಯಾವ ಹಂತದಲ್ಲಿ ಯಾರಿಗೆ ಗುಂಪು ಗೊತ್ತಿತ್ತು ಅಂತ ಬರೆಯಬೇಕು. ಡಯಾಜೆಪಾಮ್ ಇಲಿಗಳ ಗುರುತು ಸಿಕ್ಕಿದ್ದರೆ ಅದನ್ನೂ ಥೀಸಿಸ್‌ನಲ್ಲಿ ಹಾಗೇ ಬರೆದುಬಿಡಿ.