ಯಲಬುರ್ಗಾದ ಹೊಲಕ್ಕೆ ಪ್ಲಮ್ಮೋ, ಬಾರೆಯೋ?

ಅಣ್ಣಾವ್ರೇ, ಯಲಬುರ್ಗಾ ಹತ್ತಿರ ಎರಡು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ, ಪ್ಲಮ್ ಹಾಕಬೇಕು, ತಳಿ ಸಾಂತಾ ರೋಸಾ ತರಲೋ ಸಟ್ಲೆಜ್ ಪರ್ಪಲ್ ತರಲೋ, ರೂಟ್‌ಸ್ಟಾಕ್, ಅಂದರೆ ಕಸಿ ಕಟ್ಟುವ ಕೆಳಗಿನ ಬೇರುಗಿಡ, ಯಾವುದಿರಲಿ ಅಂತ ಕೇಳಿದ್ದೀರಿ. ಸಸಿಗೆ ಇನ್ನೂ ದುಡ್ಡು ಕಟ್ಟಿಲ್ಲ ತಾನೇ? ಹಾಗಾದರೆ ಸ್ವಲ್ಪ ತಡೆಯಿರಿ.

ಪ್ಲಮ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡ. 7 ಡಿಗ್ರಿಗಿಂತ ಕೆಳಗಿನ ಚಳಿ ಇಷ್ಟು ಗಂಟೆ ಅಂತ ಸಿಕ್ಕರೇನೇ ಮೊಗ್ಗು ಸರಿಯಾಗಿ ಒಡೆಯುವುದು. ಸಾಂತಾ ರೋಸಾಕ್ಕೆ ಮುನ್ನೂರು ಗಂಟೆಯಾದರೂ ಬೇಕು. ಸಟ್ಲೆಜ್ ಪರ್ಪಲ್‌ಗೆ ಕಡಿಮೆ ಸಾಕು, ಆದರೆ ಅದು ಪಂಜಾಬಿನ ಚಳಿಯ ಗಿಡ. ಅದೊಂದನ್ನೇ ನೆಟ್ಟರೆ ಕಾಯಿ ಕಟ್ಟುವುದಿಲ್ಲ, ಪರಾಗಕ್ಕೆ ನಡುನಡುವೆ ಕಾಲಾ ಅಮೃತಸರಿ ಅನ್ನೋ ಇನ್ನೊಂದು ಪ್ಲಮ್ ತಳಿ ಬೇಕು. ನಮ್ಮಲ್ಲಿ ಜನವರಿ ಬೆಳಗ್ಗೆ ಕಂಬಳಿ ಹೊದ್ದು ಕೂತರೂ 7 ಡಿಗ್ರಿ ಎಲ್ಲಿಂದ ಬರಬೇಕು? ರೂಟ್‌ಸ್ಟಾಕ್ ವಿಷಯಕ್ಕೆ ಬಂದರೆ, ಮೈರೋಬಲಾನ್ ಅನ್ನೋ ಕಾಡು ಪ್ಲಮ್ ಬೇರು ಜಿಗುಟು ಮಣ್ಣನ್ನು ತಡೆದುಕೊಳ್ಳುತ್ತದೆ, ಪೀಚ್ ಬೇರು ನೀರು ನಿಂತರೆ ಕೊಳೆಯುತ್ತದೆ. ಆದರೆ ಚಳಿ ಬೇಕಾಗಿರುವುದು ಮೇಲಿನ ಮೊಗ್ಗಿಗೆ ಅಲ್ವಾ? ಬೇರು ಬದಲಿಸಿ ಏನು ಮಾಡೋಣ!

ಅದರ ಬದಲು ಬಾರೆ (ಎಲಚಿ) ಹಾಕಿ. ತಳಿಗಳಲ್ಲಿ ಗೋಲಾ ಬೇಗ ಬರುತ್ತದೆ, ರಸ ಜಾಸ್ತಿ, ಆದರೆ ಬಹಳ ದಿನ ಇರಲ್ಲ. ಉಮ್ರಾನ್ ತಡ, ದೂರದ ಪೇಟೆಗೆ ಕಳಿಸಬಹುದು. ಆಪಲ್ ಬೇರ್ ನೋಡೋಕೆ ಚೆಂದ, ನನ್ನ ನಾಲಿಗೆಗೆ ಸಪ್ಪೆ.

ಬೇರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲಿ. ಆರು ವರ್ಷದ ಹಿಂದೆ ಒಂದು ನರ್ಸರಿಯಿಂದ ಬಾರೆ ಸಸಿ ತಂದಿದ್ದೆ. ಚೀಲ ಹರಿದರೆ ತಾಯಿಬೇರು ತಳದಲ್ಲಿ ಬುಗುರಿ ದಾರದ ಹಾಗೆ ಸುತ್ತಿಕೊಂಡಿತ್ತು. ಸುಮ್ನೆ ಹಾಗೇ ನೆಟ್ಟೆ. ಎರಡನೇ ಬೇಸಿಗೆಗೆ ಅರ್ಧಕ್ಕರ್ಧ ಒಣಗಿದವು. ಆಮೇಲೆ ಆ ಗುಂಡಿಗಳಲ್ಲೇ ಕಾಡುಬಾರೆ ಬೀಜ ಹಾಕಿದೆ. ಓಟೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಒಡೆದು ಒಳಗಿನ ಬೀಜ ತೆಗೆದು ಹಾಕಿ, ವಾರದಲ್ಲೇ ಮೊಳೆಯುತ್ತದೆ. ಕಾಂಡ ಪೆನ್ಸಿಲ್ ದಪ್ಪ ಆದಾಗ ಉಮ್ರಾನ್ ಕಣ್ಣು (ಮೊಗ್ಗು) ಕೂರಿಸಿ ಕಸಿ ಮಾಡಿದೆ. ಬೇರು ಮುರಿಯದೆ ನೇರ ಕೆಳಗಿಳಿದ ಗಿಡಗಳು, ಈಗ ಬೇಸಿಗೆಗೆ ಜಗ್ಗುವುದಿಲ್ಲ. ಕಸಿಯ ಕೆಳಗಿನಿಂದ ಬರುವ ಮುಳ್ಳು ಚಿಗುರನ್ನು ಮಾತ್ರ ಆಗಾಗ ಕಿತ್ತು ಹಾಕಿ, ಬಿಟ್ಟರೆ ಕಾಡುಬಾರೆಯೇ ಮೇಲಾಗುತ್ತದೆ.

ಗಿಡದಿಂದ ಗಿಡಕ್ಕೆ 6 ಮೀಟರ್ ಬಿಡಿ. ಹೊಸ ಚಿಗುರಿನಲ್ಲೇ ಹೂ ಬರುವುದರಿಂದ ಏಪ್ರಿಲ್-ಮೇ ಹೊತ್ತಿಗೆ ಧೈರ್ಯವಾಗಿ ಕೊಂಬೆ ಸವರಿ. ಉದುರಿದ ಹಣ್ಣನ್ನು ಗಿಡದ ಬುಡದಲ್ಲಿ ಬಿಡಬೇಡಿ. ಅದರೊಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.