ತಂಡಕ್ಕೆ ಹೊಸ ಹೆಸರು ಇಡುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮ ಓಣಿ ಕ್ರಿಕೆಟ್ ತಂಡಕ್ಕ ಹನ್ನೆರಡು ವರ್ಷದಿಂದ ‘ಟೈಗರ್ಸ್’ ಅಂತ ಹೆಸರೈತಿ. ಊರಾಗ ಇನ್ನೂ ನಾಕು ಟೈಗರ್ಸ್ ಅದಾವು. ಸ್ಕೋರಿಂಗ್ ಆ್ಯಪ್‌ನ್ಯಾಗ ನಮ್ಮ ಹುಡುಗರ ರನ್ನು ಅವರ ಲೆಕ್ಕಕ್ಕ ಹೊಕ್ಕಾವು. ಅಮೆರಿಕಾದಾಗ ಸಣ್ಣ ಬೇಸ್‌ಬಾಲ್ ತಂಡಗೋಳು ಏನೇನೋ ಹೆಸರು ಇಟ್ಕೊಂತಾವಂತ. ಆ ದಾರಿ ನಮಗ ಹೊಂದತೈತೇನು?
— ಹಳೇ ಹುಬ್ಬಳ್ಳಿಯ ಓದುಗರು

ಹೊಂದುತ್ತದೆ. ಆದರೆ ಅವರು ಹಾಗೆ ಯಾಕೆ ಮಾಡುತ್ತಾರೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅಲ್ಲಿನ ಬೇಸ್‌ಬಾಲ್‌ನ ಕೆಳದರ್ಜೆಯ ‘ಮೈನರ್ ಲೀಗ್’ನ 120 ತಂಡಗಳಲ್ಲಿ ಪ್ರತಿಯೊಂದೂ ಒಂದು ದೊಡ್ಡ ತಂಡದ ಕೈಕೆಳಗಿದೆ. ಆಟಗಾರರ ಒಪ್ಪಂದ ಇರುವುದು ಆ ದೊಡ್ಡ ತಂಡದ ಹತ್ತಿರ. ಇವತ್ತು ನಾಲ್ಕು ಸಿಕ್ಸರ್ ಥರದ ಹೊಡೆತ ಹೊಡೆದವನು ನಾಳೆ ಬೆಳಿಗ್ಗೆ ಮೇಲಿನ ದರ್ಜೆಗೆ ಹೋಗಿರುತ್ತಾನೆ. ಊರಿನವರ ಪಾಲಿಗೆ ಉಳಿಯುವುದು ಮೈದಾನ ಮತ್ತು ಹೆಸರು, ಎರಡೇ. ಟೋಪಿ, ಅಂಗಿ, ಟಿಕೆಟ್ ಮಾರಾಟ ಎಲ್ಲವೂ ಆ ಹೆಸರಿನ ಮೇಲೆ ನಿಂತಿದೆ. ಅಲಬಾಮಾದ ‘ರಾಕೆಟ್ ಸಿಟಿ ಟ್ರ್ಯಾಶ್ ಪಾಂಡಾಸ್’ ಒಂದು ಪಂದ್ಯವನ್ನೂ ಆಡುವ ಮೊದಲೇ ಟೋಪಿ ಮಾರುತ್ತಿತ್ತು. ಕಸದ ಡಬ್ಬಿಗೆ ಕೈಹಾಕುವ ರಕೂನ್ ಎಂಬ ಪ್ರಾಣಿಗೆ ಅಲ್ಲಿಯವರು ಇಟ್ಟ ಅಡ್ಡಹೆಸರು ಅದು.

ನಿಮಗೆ ಹೆಚ್ಚು ಹತ್ತಿರವಾಗುವ ಉದಾಹರಣೆ ಹಾರ್ಟ್‌ಫರ್ಡ್ ಊರಿನದು. ಪಕ್ಕದ ಊರಿನ ‘ರಾಕ್ ಕ್ಯಾಟ್ಸ್’ ತಂಡ ಅಲ್ಲಿಗೆ ಸ್ಥಳಾಂತರವಾಗಲು ಹೊರಟಾಗ, 2015ರಲ್ಲಿ, ಸ್ಪರ್ಧೆ ನಡೆಸಿ ‘ಯಾರ್ಡ್ ಗೋಟ್ಸ್’ ಎಂಬ ಹೆಸರು ಆರಿಸಿದರು. ಅಂಗಳದ ಮೇಕೆ ಎಂದು ಅರ್ಥ ಮಾಡಿಕೊಳ್ಳಬೇಡಿ. ರೈಲ್ವೆ ಯಾರ್ಡ್‌ನಲ್ಲಿ ಬೋಗಿಗಳನ್ನು ಹಿಂದೆ ಮುಂದೆ ತಳ್ಳುವ ಶಂಟಿಂಗ್ ಎಂಜಿನ್ನಿಗೆ ಅಲ್ಲಿಯ ರೈಲ್ವೆ ಕೆಲಸಗಾರರು ಹಾಗೆ ಅನ್ನುತ್ತಿದ್ದರು. ಊರಿನ ದೊಡ್ಡ ನಿಲ್ದಾಣದ ಹೆಸರನ್ನೋ ಎಕ್ಸ್‌ಪ್ರೆಸ್ ರೈಲಿನ ಹೆಸರನ್ನೋ ಬಿಟ್ಟು, ಕೆಲಸಗಾರರ ಬಾಯಿಯ ಒಂದು ಸಣ್ಣ ಮಾತನ್ನು ಎತ್ತಿಕೊಂಡರು. ಗುಟ್ಟು ಇರುವುದು ಅಲ್ಲಿಯೇ.

ಹುಬ್ಬಳ್ಳಿಯೂ ರೈಲ್ವೆಯ ಊರು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ, ಬ್ರಿಟಿಷರ ಕಾಲದ ವರ್ಕ್‌ಶಾಪ್ ಇಲ್ಲಿದೆ, 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇಲ್ಲಿದೆ. ಪ್ಲಾಟ್‌ಫಾರ್ಮಿನ ಸುದ್ದಿ ಎಲ್ಲರಿಗೂ ಗೊತ್ತು, ಅದನ್ನು ಬಿಡಿ. ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರನ್ನು ಕೂರಿಸಿಕೊಂಡು ಅವರ ಕೆಲಸದ ಮಾತುಗಳನ್ನು ಬರೆದುಕೊಳ್ಳಿ. ಶಂಟರ್, ಪಾಯಿಂಟ್ಸ್‌ಮನ್, ಖಲಾಸಿ, ಲೋಕೋ (ಅಂದರೆ ರೈಲು ಎಂಜಿನ್) ಹೀಗೆ ಒಂದು ತಾಸಿನಲ್ಲಿ ನಲವತ್ತು ಮಾತು ಸಿಗುತ್ತವೆ.

ಆಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಕೂಗಿನ ಪರೀಕ್ಷೆ. ಮೈದಾನದ ಒಂದು ತುದಿಗೆ ಇಬ್ಬರು, ಇನ್ನೊಂದು ತುದಿಗೆ ಇಬ್ಬರು ನಿಂತು ಕೂಗಿ. ‘ಶಂಟರ್ಸ್’ ಬಾಯಲ್ಲೇ ಮುಗಿದುಹೋಗುತ್ತದೆ, ಯಾಕೆಂದರೆ ಕೊನೆಗೆ ಎಳೆಯಲು ಸ್ವರವೇ ಇಲ್ಲ. ಆ, ಓ ದೂರ ಹೋಗುತ್ತವೆ. ಇ, ಉ ತೆಳುವಾಗುತ್ತವೆ. ಎರಡು, ಎದುರಾಳಿಯ ಪರೀಕ್ಷೆ. ನಿಮ್ಮ ಹೆಸರನ್ನು ಎದುರಿನ ತಂಡದ ಹುಡುಗರ ಕೈಗೆ ಕೊಟ್ಟು, ಅದನ್ನು ಹೇಗೆ ತಿರುಚಬಹುದು ಎಂದು ಅವರನ್ನೇ ಕೇಳಿ. ‘ಖಲಾಸಿ’ ಕೂಗಿಗೆ ಬಹಳ ಚೆನ್ನಾಗಿದೆ, ನಡುವಿನ ‘ಲಾ’ ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಮೂರನೇ ವಿಕೆಟ್ ಬಿದ್ದ ಕೂಡಲೇ ‘ಖಲಾಸ್! ಖಲಾಸ್!’ ಅಂತ ಶುರುವಾಗುತ್ತದೆ. ನಮ್ಮ ಮತ ‘ಹುಬ್ಬಳ್ಳಿ ಲೋಕೋ’ಗೆ. ಎರಡೇ ಅಕ್ಷರ, ಎರಡೂ ದೀರ್ಘ, ಎರಡೂ ಓಕಾರ. ಊರಿನ ಡೀಸೆಲ್ ಲೋಕೋ ಶೆಡ್‌ನ ನಂಟೂ ಇದೆ, ಸಣ್ಣ ಮಕ್ಕಳೂ ಅನ್ನಬಲ್ಲರು.

ಹುಲಿ ಬಿಡುವುದಕ್ಕೆ ಇನ್ನೊಂದು ಕಾರಣ: ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯಲ್ಲಿ ‘ಹುಬ್ಳಿ ಟೈಗರ್ಸ್’ ಈಗಾಗಲೇ ಇದೆ. ಯಾರಾದರೂ ಫೋನಿನಲ್ಲಿ ನಿಮ್ಮ ತಂಡವನ್ನು ಹುಡುಕಿದರೆ ಸಿಗುವುದು ಅವರೇ.

ನಮ್ಮ ಕಬಡ್ಡಿ ತಂಡಕ್ಕೆ ‘ಬ್ಯಾಡಗಿ ಖಾರ’ ಎಂದು ಇಡಬೇಕೆಂದಿದ್ದೇವೆ. ಮೆಣಸಿನಕಾಯಿ ಅಂದರೆ ನಮ್ಮ ಊರು ತಾನೇ?
— ಬ್ಯಾಡಗಿಯ ಓದುಗರು

ಊರು ನಿಮ್ಮದೇ, ಕಾಯಿಯೂ ನಿಮ್ಮದೇ. ಆದರೆ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದು ಬಣ್ಣಕ್ಕೆ, ಖಾರಕ್ಕಲ್ಲ. ಸುಕ್ಕು ಸುಕ್ಕಾದ ಆ ಸಿಪ್ಪೆಯಿಂದ ಕಡುಗೆಂಪು ಬಣ್ಣ ತೆಗೆಯುತ್ತಾರೆ. ಖಾರ ಬೇಕೆಂದರೆ ಮನೆಯಲ್ಲಿ ಗುಂಟೂರು ಕಾಯಿ ಸೇರಿಸಿಯೇ ಪುಡಿ ಮಾಡಿಸುತ್ತಾರೆ. ಹಾವೇರಿ ಜಿಲ್ಲೆಯ ಪ್ರೇಕ್ಷಕರಿಗೆ ಇದೆಲ್ಲ ಗೊತ್ತು. ಒಂದು ಪಂದ್ಯ ಸೋತರೆ ಸಾಕು, ‘ಬಣ್ಣ ಐತಿ, ಖಾರ ಇಲ್ಲ’ ಎಂಬ ಮಾತು ವರ್ಷವಿಡೀ ಬೆನ್ನು ಬಿಡುವುದಿಲ್ಲ. ಹಾಗಾಗಿ ಬಣ್ಣವನ್ನೇ ಹಿಡಿಯಿರಿ. ‘ಬ್ಯಾಡಗಿ ಕೆಂಪು’ ಎಂದರೆ ಸುಳ್ಳಿಲ್ಲ, ಜೆರ್ಸಿಯ ಬಣ್ಣದ ಚರ್ಚೆಯೂ ಅಲ್ಲಿಗೇ ಮುಗಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ನೋಂದಣಿ ಇದೆ. ತಂಡವನ್ನು ಊರಿನ ಹೆಸರಿನಿಂದ ಕರೆಯುವುದು ಬೇರೆ, ಅದೇ ಹೆಸರಲ್ಲಿ ಖಾರದಪುಡಿ ಪೊಟ್ಟಣ ಮಾರುವುದು ಬೇರೆ. ಎರಡನೆಯದಕ್ಕೆ ಕೈ ಹಾಕುವ ಮೊದಲು ವಕೀಲರನ್ನು ಕೇಳಿ.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತಿನ ಹೆಸರು ಇಡೋಣ ಎಂದರೆ ಹುಡುಗರು ‘ಬಾತುಕೋಳಿ ಅಂತ ನಗ್ತಾರ’ ಎಂದು ಒಪ್ಪುತ್ತಿಲ್ಲ.
— ಶಿರಹಟ್ಟಿಯ ಓದುಗರು

ಒಪ್ಪಿಸಿ. ಅಮೆರಿಕದ ಟೊಲೆಡೊ ಊರಿನ ತಂಡ 1896ರಿಂದ ‘ಮಡ್ ಹೆನ್ಸ್’, ಅಂದರೆ ಕೆಸರುಕೋಳಿಗಳು. ಅವರು ಆಗ ಆಡುತ್ತಿದ್ದ ಮೈದಾನದ ಬದಿಗೆ ಜೌಗು ನೆಲವಿತ್ತು, ಅಲ್ಲಿ ಆ ಹಕ್ಕಿಗಳಿದ್ದವು. ನಮ್ಮ ಕೆರೆಗಳಲ್ಲಿ ಕಾಣುವ, ಹಣೆಯ ಮೇಲೆ ಬಿಳಿ ನಾಮದ ನಾಮಕೋಳಿಯ ಹತ್ತಿರದ ಸಂಬಂಧಿ ಅದು. ಆ ಹೆಸರು ಇವತ್ತು ಟೊಲೆಡೊದವರಿಗೆ ಹೆಮ್ಮೆ.

ನಿಮ್ಮ ಹಕ್ಕಿ ಅದಕ್ಕಿಂತ ಗಟ್ಟಿಯದು. ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಮಾಗಡಿಗೆ ಬರುತ್ತದೆ. ಲಾಂಛನವನ್ನೂ ಅದು ತನ್ನ ತಲೆಯ ಮೇಲೇ ಹೊತ್ತು ತರುತ್ತದೆ: ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಇಡೀ ಹಕ್ಕಿಯನ್ನು ಬರೆಸಬೇಡಿ. ರೆಕ್ಕೆ, ಗರಿ, ಕಾಲು ಎಲ್ಲ ಸೇರಿದರೆ ಟೋಪಿಯ ಮೇಲೆ ಮಸಿ ಚೆಲ್ಲಿದಂತೆ ಕಾಣುತ್ತದೆ. ತಲೆ, ಕೊಕ್ಕು, ಎರಡು ಪಟ್ಟೆ ಸಾಕು. ಅದನ್ನು ಅಂಚೆಚೀಟಿಯ ಅಳತೆಗೆ ಇಳಿಸಿ, ಕಪ್ಪು ಬಣ್ಣ ಒಂದರಲ್ಲೇ ಮುದ್ರಿಸಿ ನೋಡಿ. ಗುರುತು ಸಿಕ್ಕರೆ ಲಾಂಛನ ಗೆದ್ದಂತೆ. ಬೂದು ಮತ್ತು ಬಿಳಿ ಜೆರ್ಸಿಗೆ, ಕೊಕ್ಕಿನ ಕಿತ್ತಳೆ ಅಂಚಿಗೆ. ‘ಹೆಬ್ಬಾತು’ ಕೂಗುವಾಗ ‘ಬಾ’ದ ಮೇಲೆ ಎಳೆದರೆ ಚೆನ್ನಾಗಿ ಕೇಳುತ್ತದೆ.

ಲಾಂಛನದಲ್ಲಿ, ಖಾದಿಯ ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯ ನೆನಪಿಗೆ ಅಶೋಕ ಚಕ್ರ, ಹೆಸರಿನಲ್ಲಿ ‘ಖಾದಿ’ ಇಟ್ಟರೆ ತೊಂದರೆ ಇದೆಯೇ? ಹೆಸರನ್ನು ನೋಂದಾಯಿಸಲು ಎಷ್ಟು ಖರ್ಚು?
— ಧಾರವಾಡದ ಓದುಗರು

ಎರಡಕ್ಕೂ ತೊಂದರೆ ಇದೆ. ರಾಷ್ಟ್ರಧ್ವಜ, ಅಶೋಕ ಚಕ್ರದಂಥ ಚಿಹ್ನೆಗಳನ್ನು ವ್ಯಾಪಾರಕ್ಕೆ, ಟ್ರೇಡ್‌ಮಾರ್ಕ್‌ಗೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ‘ಖಾದಿ’ ಎಂಬ ಮಾತಿನ ಟ್ರೇಡ್‌ಮಾರ್ಕ್ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೈಯಲ್ಲಿದೆ, ಅದನ್ನು ಬಳಸಿದವರ ಮೇಲೆ ಆಯೋಗ ನ್ಯಾಯಾಲಯಕ್ಕೆ ಹೋಗಿದ್ದೂ ಇದೆ. ಬೆಂಗೇರಿಯ ಮೇಲಿನ ನಿಮ್ಮ ಅಭಿಮಾನ ನಮಗೆ ಅರ್ಥವಾಗುತ್ತದೆ. ಮಗ್ಗ, ಲಾಳಿ, ಹಾಸು-ಹೊಕ್ಕು ಇವುಗಳಲ್ಲಿ ಹುಡುಕಿ. ‘ಲಾಳಿ’ ಒಳ್ಳೆಯ ಹೆಸರು: ಈ ಕಡೆಯಿಂದ ಆ ಕಡೆಗೆ ಚುರುಕಾಗಿ ಓಡುವ ವಸ್ತು, ಖೋ-ಖೋ ತಂಡಕ್ಕಂತೂ ಹೇಳಿ ಮಾಡಿಸಿದಂತಿದೆ.

ನೋಂದಣಿಗೆ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ. ಕ್ರೀಡೆಗೆ 41ನೇ ವರ್ಗ, ಅಂಗಿ-ಟೋಪಿಗೆ 25ನೇ ವರ್ಗ. ಉಚ್ಚಾರದಲ್ಲಿ ಹತ್ತಿರವಾದುದನ್ನೂ ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಬೇಕು. ಕ್ಲೀವ್‌ಲೆಂಡಿನ ದೊಡ್ಡ ಬೇಸ್‌ಬಾಲ್ ತಂಡ 2021ರಲ್ಲಿ ‘ಗಾರ್ಡಿಯನ್ಸ್’ ಎಂದು ಹೆಸರು ಬದಲಿಸಿದಾಗ, ಅದೇ ಊರಿನಲ್ಲಿ ಅದೇ ಹೆಸರಿನ ರೋಲರ್ ಡರ್ಬಿ ತಂಡವಿತ್ತು. ಸ್ಕೇಟ್ ಕಟ್ಟಿಕೊಂಡು ಆಡುವ ಆ ಸಣ್ಣ ತಂಡ ದಾವೆ ಹೂಡಿತು, ಕೊನೆಗೆ ರಾಜಿಯಾಗಿ ಇಬ್ಬರೂ ಹೆಸರು ಉಳಿಸಿಕೊಂಡರು. ಸಣ್ಣವರೆಂದು ಯಾರನ್ನೂ ಬಿಟ್ಟು ಹುಡುಕಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆವು.

ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ ವ್ಯಕ್ತಿಯ ಹೆಸರಿನಲ್ಲಾದರೆ ₹4,500, ಸಂಘದ ಹೆಸರಿನಲ್ಲಾದರೆ ₹9,000. ಅರ್ಧ ಉಳಿಯುತ್ತದೆಂದು ನಾಯಕನ ಹೆಸರಿನಲ್ಲೋ ಖಜಾಂಚಿಯ ಹೆಸರಿನಲ್ಲೋ ಹಾಕಬೇಡಿ. ಆಗ ಹೆಸರಿನ ಒಡೆಯ ಅವನೇ ಆಗುತ್ತಾನೆ. ಅವನು ತಂಡ ಬಿಟ್ಟ ದಿನ ಹೆಸರೂ ಅವನ ಸಂಗಡ ಹೋಗುತ್ತದೆ. ನೋಂದಣಿಯ ಅವಧಿ 10 ವರ್ಷ, ಆಮೇಲೆ ನವೀಕರಿಸಬೇಕು.

ಕನಕದಾಸರ ಹೆಸರು ಇಡಬಹುದೇ? ಇಲ್ಲವೇ ಕೃಷ್ಣಮೃಗದ ನೆನಪಿಗೆ ‘ಚಿಗರಿ’?
— ರಾಣೆಬೆನ್ನೂರಿನ ಓದುಗರು

ಪಂದ್ಯ ಸೋತ ಮರುದಿನ ಪತ್ರಿಕೆಯ ತಲೆಬರಹ ಹೇಗಿರುತ್ತದೆಂದು ಬರೆದು ನೋಡಿ. ಪೂಜ್ಯರ ಹೆಸರಿನ ಮುಂದೆ ‘ಹೀನಾಯ ಸೋಲು’ ಎಂದು ಓದಲು ಯಾರಿಗೂ ಮನಸ್ಸಾಗದು. ಅವರ ಹೆಸರನ್ನು ಟ್ರೋಫಿಗೆ ಇಡಿ, ಅದು ಸೋಲುವುದಿಲ್ಲ. ‘ಚಿಗರಿ’ ಚೆಂದದ ನಮ್ಮ ಮಾತು, ನಿಮ್ಮಲ್ಲಿ ಕೃಷ್ಣಮೃಗ ಅಭಯಾರಣ್ಯವೂ ಇದೆ. ಆದರೆ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಅದೇ ಹೆಸರು. ಅಲ್ಲಿಗೆ ಆಡಲು ಹೋದಾಗ ಎಲ್ಲರೂ ಬಸ್ಸನ್ನೇ ನೆನೆಯುತ್ತಾರೆ. ಜಿಲ್ಲೆಯೊಳಗೇ ಆಡುವವರಾದರೆ ಧಾರಾಳವಾಗಿ ಇಡಿ.

ಜೆರ್ಸಿ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಿದರೆ ಒತ್ತಕ್ಷರವೆಲ್ಲ ಒಡೆದು ಬಂದಿವೆ. ಹದಿನೈದು ಅಂಗಿ ಹಾಳಾದವು.
— ಲಕ್ಷ್ಮೇಶ್ವರದ ಓದುಗರು

‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗಾಗುತ್ತದೆ. ಯೂನಿಕೋಡ್ ಅಕ್ಷರವನ್ನು ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದರೂ ಒತ್ತು ಬಿಚ್ಚಿಕೊಳ್ಳುತ್ತದೆ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಅಕ್ಷರಗಳನ್ನು ‘ಕರ್ವ್’ಗೆ ಬದಲಿಸಿ ಪಿಡಿಎಫ್ ಮಾಡಿಸಿ. ಆಮೇಲೆ ಅದು ಅಕ್ಷರವಲ್ಲ, ಚಿತ್ರ. ಎಲ್ಲಿ ತೆರೆದರೂ ಒಡೆಯದು.

‘ಲಕ್ಷ್ಮೇಶ್ವರ’ದಲ್ಲಿ ‘ಕ್ಷ್ಮೇ’ ಒಂದೇ ಅಕ್ಷರಕ್ಕೆ ಎರಡು ಒತ್ತು. ಮೇಲಿನ ಅಕ್ಷರ 5 ಸೆಂ.ಮೀ. ಎತ್ತರವಿದ್ದರೆ ಕೆಳಗೆ ಕನಿಷ್ಠ ಇನ್ನೊಂದು 3 ಸೆಂ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಒತ್ತು ಬೆನ್ನಿನ ಸಂಖ್ಯೆಯ ಮೇಲೆ ಕುಳಿತುಕೊಳ್ಳುತ್ತದೆ. ಟೋಪಿಗೆ ಕಸೂತಿ ಹಾಕಿಸುವಾಗ ಸಣ್ಣ ಒತ್ತುಗಳ ಹೊಟ್ಟೆಯೊಳಗೆ ದಾರ ತುಂಬಿ ಗಂಟಾಗುತ್ತದೆ. ಅಲ್ಲಿಗೆ ಬರೀ ಲಾಂಛನ ಸಾಕು. ಬಿಸಿಯಿಂದ ಬಣ್ಣವನ್ನು ಬಟ್ಟೆಗೆ ಇಳಿಸುವ ಸಬ್ಲಿಮೇಶನ್ ಮುದ್ರಣ ಹಿಡಿಯುವುದು ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ, ಹತ್ತಿಯ ಮೇಲೆ ತೊಳೆದರೆ ಹೋಗುತ್ತದೆ. ಮೊದಲು ಒಂದೇ ಅಂಗಿ ಮಾಡಿಸಿ, ಅಕ್ಷರಗಳನ್ನು ಬೆರಳಿಟ್ಟು ಓದಿ, ಆಮೇಲೆ ಉಳಿದವಕ್ಕೆ ಒಪ್ಪಿಗೆ ಕೊಡಿ.

ಮತ ಹಾಕಿ ಆರಿಸಬೇಕೋ, ಸಮಿತಿ ಆರಿಸಬೇಕೋ? ಕಾಗದಪತ್ರ ಯಾವ ಕ್ರಮದಲ್ಲಿ?
— ಕಲಘಟಗಿಯ ಓದುಗರು

ಹದಿನೈದು ದಿನ ಎಲ್ಲರಿಂದ ಹೆಸರು ತೆಗೆದುಕೊಳ್ಳಿ. ಬೇರೆಯವರು ಬಳಸುತ್ತಿರುವವು, ಕೂಗಲು ಬಾರದವು ಇವನ್ನೆಲ್ಲ ಸಮಿತಿ ಕಳೆದು ಮೂರು ಉಳಿಸಲಿ, ಆ ಮೂರರ ಮೇಲೆ ಸದಸ್ಯರು ಮತ ಹಾಕಲಿ. ಮೊದಲ ಆಯ್ಕೆಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಡಿಸಿ. ಒಬ್ಬರಿಗೆ ಒಂದೇ ಮತವೆಂದರೆ ಹೆಚ್ಚಿನವರಿಗೆ ಬೇಡವಾದ ಹೆಸರೂ ಗೆದ್ದುಬಿಡಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಹಿರಂಗ ಮತ ಬೇಡ, ಮೊದಲ ಐದು ಮಂದಿ ಒತ್ತಿದ ಕಡೆಗೇ ಉಳಿದವರೂ ಒತ್ತುತ್ತಾರೆ.

ಸಂಘ ನೋಂದಣಿಯಾಗಿದ್ದರೆ ಬೈಲಾದಲ್ಲಿ ಹೇಳಿದಂತೆ ಸಾಮಾನ್ಯ ಸಭೆ ಕರೆದು ಠರಾವು ಮಾಡಿ, ಸಂಘಗಳ ನೋಂದಣಾಧಿಕಾರಿಯಿಂದ ಹೊಸ ಹೆಸರಿನ ಪ್ರಮಾಣಪತ್ರ ಪಡೆಯಿರಿ. ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ, ಕೊನೆಗೆ ನೀವು ಆಡುವ ಲೀಗ್. ಈ ಕ್ರಮ ತಿರುವುಮುರುವಾದರೆ ಬಹುಮಾನದ ಚೆಕ್ ಹೊಸ ಹೆಸರಿಗೆ ಬರುತ್ತದೆ, ಖಾತೆ ಹಳೆಯ ಹೆಸರಿನಲ್ಲೇ ಇರುತ್ತದೆ, ಬ್ಯಾಂಕಿನವರು ತಿರುಗಿಸಿ ಕಳಿಸುತ್ತಾರೆ. ಸೀಸನ್ ಮುಗಿದ ವಾರವೇ ಕೆಲಸ ಶುರು ಮಾಡಿ. ಜೆರ್ಸಿಯ ಮುಂಗಡ ಮಾತ್ರ ಪ್ರಮಾಣಪತ್ರ ಕೈಗೆ ಬಂದ ಮೇಲೇ ಕೊಡಿ.